ಕುಕ್ಕರ್ ಸೀಟಿ ಹೊಡೆಯುವವರೆಗೆ

ನನ್ನ ಗಂಡನ ಮಾತು ಹೋಗಿದೆ ಎಂದು ಬೈಲಹೊಂಗಲದ ಡಾಕ್ಟರು ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೋಗೇತ್ರಿ?" ಡಾಕ್ಟರು ನನ್ನನ್ನು ಕಲ್ಲೆದೆಯವಳೆಂದುಕೊಂಡರು. ಆದರೆ ಪ್ರಶ್ನೆ ಶಾಸ್ತ್ರೀಯವಾಗಿಯೇ ಇತ್ತು. ಮೊದಲು ಇದ್ದದ್ದು ಎಷ್ಟೆಂದು ಗೊತ್ತಿದ್ದರೆ ತಾನೆ ಹೋದದ್ದು ಎಷ್ಟೆಂದು ತಿಳಿಯುವುದು?

ನಿಜಗುಣಪ್ಪನವರು ತಮ್ಮ ಬೀಜ-ಗೊಬ್ಬರದ ಅಂಗಡಿಯಲ್ಲಿ ಏನು ಮಾತಾಡುತ್ತಿದ್ದರೋ ಕಾಣೆ. (ನಾನು ಗಂಡನ ಹೆಸರು ಹೇಳುತ್ತೇನೆ, ಯಾರಾದರೂ ಹೇಳಬೇಕಲ್ಲ.) ಮನೆಯಲ್ಲಿ "ಹೂಂ" ಎನ್ನುತ್ತಿದ್ದರು. "ಊಹೂಂ" ಎಂಬುದು ನಮ್ಮ ದಾಂಪತ್ಯದಲ್ಲಿ ಬಳಕೆಗೆ ಬಂದಿರಲಿಲ್ಲ.

ಲಕ್ವ ಹೊಡೆದದ್ದು ಬಲಗಡೆಗೆ. ಕಾಲೆಳೆಯುತ್ತ ನಡೆಯುವಷ್ಟಾದರು. ಬಲಗೈ ಮಾತ್ರ ಯಾರೋ ತೊಡೆಯ ಮೇಲಿಟ್ಟು ಮರೆತುಹೋದ ವಸ್ತುವಿನಂತೆ ಬಿದ್ದಿರುತ್ತಿತ್ತು. ಮಾತಿನ ಪರೀಕ್ಷೆಗೆಂದು ಅವರನ್ನು ವಾಕ್ ಚಿಕಿತ್ಸಕಿ ಶಿವಾನಿಯ ಬಳಿ ಕರೆದೊಯ್ದೆ. ರಾಮದುರ್ಗದ ಕಡೆಯ ಹುಡುಗಿ. ಹೆಚ್ಚು ನಗುವುದಿಲ್ಲ, ಆದ್ದರಿಂದ ಹಿಡಿಸಿದಳು. ಸಂಗಡ ಸಂಪಗಾಂವದಿಂದ ಬಂದಿದ್ದ ನಾದಿನಿ ಕೆಂಚವ್ವ.

"ಅಜ್ಜಾರು ಮೊದಲ ಹೆಂಗ ಮಾತಾಡತಿದ್ರ್ರಿ?" ಎಂದು ಶಿವಾನಿ ಕೇಳಿದಳು.

"ಲಗ್ನಾದಾಗಿಂದ ನಮ್ಮಣ್ಣ ಹಿಂಗ ಅದಾನ್ರಿ, ಡಾಕ್ಟರ್ ಬಾಯಿ," ಎಂದಳು ಕೆಂಚವ್ವ. "ಲಕ್ವಾದ್ದು ಏನೂ ತಪ್ಪಿಲ್ಲ."

ಶಿವಾನಿ ಒಂದು ಚಿತ್ರ ಮುಂದಿಟ್ಟಳು. ಬಸ್ ಸ್ಟ್ಯಾಂಡು; ಒಬ್ಬ ಬಸ್ಸು ಹತ್ತುತ್ತಿದ್ದಾನೆ, ಹಿಂದಿನಿಂದ ನಾಯಿಯೊಂದು ಅವನ ಚೀಲದ ರೊಟ್ಟಿಗೆ ಬಾಯಿ ಹಾಕಿದೆ.

"ಇದರಾಗ ಏನ್ ನಡದೈತಿ ಹೇಳ್ರಿ ಅಜ್ಜಾರ."

ಅವರು ಬಹಳ ಹೊತ್ತು ನೋಡಿ, "ನಾಯಿ," ಎಂದರು.

"ನಾಯಿ ಏನ್ ಮಾಡಾಕತ್ತೈತ್ರಿ?"

"ರೊಟ್ಟಿ ಎಳ್ಯಾಕತ್ತೈತಿ," ಎಂದೆ ನಾನು.

"ಮೇಡಂ, ನಿಮಗ ಕೇಳಿಲ್ರಿ."

"ಉತ್ತರ ಸರಿ ಐತಿಲ್ಲೊ?"

ಆಮೇಲೆ ನನ್ನತ್ತ ಕೈಮಾಡಿ, "ಇವರ ಹೆಸರೇನ್ರಿ ಅಜ್ಜಾರ?" ಎಂದು ಕೇಳಿದಳು. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಅದು ರೋಗವಲ್ಲ, ಪದ್ಧತಿ. ಅವರ ಮನೆತನದ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಲಗ್ನದಲ್ಲಿ ಒಡಪಿನ ಪದ್ಯ ಕಟ್ಟಿ ಅದರಲ್ಲಿ ಹೆಸರು ಒಮ್ಮೆ ಹೇಳಿದರೆ ಆಯುಷ್ಯಕ್ಕೆಲ್ಲ ಸಾಕು. ಹಾಗೆಂದು ವಿವರಿಸಿದೆ. ಕೆಂಚವ್ವ ಸಾಕ್ಷಿ ನುಡಿದಳು.

"ಬಿಡಿ ಶಬ್ದ ಬರತಾವ್ರಿ," ಎಂದಳು ಶಿವಾನಿ. "ಕೂಡಿಸಿ ಮಾತಾಡೂದು ಬರತೈತೋ ಇಲ್ಲೋ, ಅದ ತಿಳೀವಲ್ತು. ಮಾತು ಈಗ ಲಗೂನ ಬಂದಷ್ಟು ಚಲೋ. ತಡಾ ಆದಂಗ ಕಠಿಣ ಆಗತೈತಿ. ಮನ್ಯಾಗ ನೀವಿಬ್ರೂ ಮಾತಾಡೂದನ್ನ ಫೋನಿನಾಗ ರೆಕಾರ್ಡ್ ಮಾಡಕೊಂಡ ಬರ್ರಿ."

ನಾನು ಕಾಲೇಜಿನಲ್ಲಿ ಭಾಷಾಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ಆಡುವ ಮಾತಿನಲ್ಲಿ ಅಚ್ಚಿನ ಪುಟದಂತೆ ಪದಗಳ ನಡುವೆ ಖಾಲಿ ಜಾಗ ಇರುವುದಿಲ್ಲ, ಅದು ಒಂದೇ ಸಮನೆ ಹರಿಯುತ್ತದೆ, ಪದಗಳನ್ನು ಬೇರ್ಪಡಿಸಿಕೊಳ್ಳುವುದು ಕೇಳುವ ಕಿವಿಯ ಕೆಲಸ, ಕೂಸು ಮಾತು ಕಲಿಯುವುದೂ ಹೀಗೆ ಕೇಳಿ ಕೇಳಿಯೇ ಎಂದು ಎಷ್ಟೋ ತಂಡಗಳಿಗೆ ಪಾಠ ಮಾಡಿದ್ದೇನೆ. ಇಂಥ ಘನ ಪಾಂಡಿತ್ಯದ ಬಲದಿಂದ ಮನೆಗೆ ಬಂದು ನಾನು ಮಾಡಿದ ಕೆಲಸವೆಂದರೆ ಗೋಡೆಗೆ "ಗೋಡೆ" ಎಂದೂ, ಕುರ್ಚಿಗೆ "ಕುರ್ಚಿ" ಎಂದೂ ಚೀಟಿ ಅಂಟಿಸಿದ್ದು. ಬಳಿಕ ಫೋನು ನಡುವೆ ಇಟ್ಟು ವಾಗ್ಯಜ್ಞ ಆರಂಭಿಸಿದೆ.

"ನೀ..." ಎಂದರು ಅವರು.

"ನೀರ ಬೇಕೇನು?"

"ನೀ..."

"ನೀರನ ಹೌದಲ್ಲೊ? ತೊಗೊಳ್ರಿ."

ಕುಡಿದು ಬಾಯಿ ಮುಚ್ಚಿಕೊಂಡರು. ದಿನವೂ ಇದೇ.

ಶಿವಾನಿ ಆ ರೆಕಾರ್ಡನ್ನು ಕೊನೆಯವರೆಗೆ ಕೇಳಿದಳು. "ಮೇಡಂ, ಇದರಾಗ ಅಜ್ಜಾರು ಎಲ್ಲಿ ಬರತಾರ್ರಿ?"

"ನಡುವ ಒಮ್ಮೆ ಕೆಮ್ಮತಾರ."

ಅವಳು ಔಷಧಿ ಹೇಳಿದಳು. ದಿನಾ ಮುಂಜಾನೆ ಕುಕ್ಕರ್ ಇಟ್ಟು ನಾನು ಅವರ ಎದುರು ಕೂಡಬೇಕು. ಅದು ಸೀಟಿ ಹೊಡೆಯುವವರೆಗೆ ಬಾಯಿ ತೆರೆಯಬಾರದು. "ಏನ ಆದ್ರೂ ತೆಗಿಬ್ಯಾಡ್ರಿ," ಎಂದು ಒತ್ತಿ ಹೇಳಿದಳು. ನಾನು ಮಾತು ಕೊಟ್ಟೆ. ಕೊಟ್ಟ ಮಾತಿಗೆ ತಪ್ಪಿದವಳಲ್ಲ.

ನಿಜ ಹೇಳಬೇಕೆಂದರೆ, ಆಗ ನಾನು ಹೆದರಿದ್ದೆ. ಅವರ "ಹೂಂ" ಕೂಡ ನಿಂತುಹೋಗಿತ್ತು. ಮಾತಿದ್ದೂ ಆಡದವನ ಮೌನ ಒಂದು, ಆಡಲು ಮಾತೇ ಉಳಿಯದವನ ಮೌನ ಇನ್ನೊಂದು. ಕಿವಿಗೆ ಎರಡೂ ಒಂದೇ. ನನ್ನ ಶಾಸ್ತ್ರದಲ್ಲಿ ಇದಕ್ಕೆ ಉಪಾಯವಿರಲಿಲ್ಲ.

ಮರುದಿನ ಮುಂಜಾನೆ ಬೇಳೆ ತೊಳೆದು ಕುಕ್ಕರಿಗೆ ಹಾಕಿ, ಮುಚ್ಚಳ ಬಿಗಿದು, ಒಲೆಯ ಮೇಲಿಟ್ಟು ಬಂದು ಕುಳಿತೆ. ತುಟಿ ಬಿಗಿದೆ. ಅವರು ನನ್ನನ್ನು ನೋಡಿದರು. ಅಡುಗೆಮನೆಯತ್ತ ನೋಡಿದರು. ಮತ್ತೆ ನನ್ನನ್ನು ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ಎಡಗೈಯಿಂದ ನನ್ನ ಫೋನು ಎಳೆದುಕೊಂಡು ಶಿವಾನಿಯ ಫೋಟೊ ಇದ್ದ ಕಡೆ ಒತ್ತಿದರು. ಸ್ಪೀಕರ್ ಹಾಕಿಯೇ ಇತ್ತು.

"ಬಾಯಿ... ಡಾಕ್ಟರ್ ಬಾಯಿ, ನಮ್ಮ ಮನಿಯಾಕಿಗೆ ಏನೋ... ಏನೋ ಆಗೇತ್ರಿ. ಮಾತಾಡವಲ್ಲಳು."

ಆ ಕಡೆಯಿಂದ ಶಿವಾನಿಯ ದನಿ: "ಯಾರಿಗ್ರಿ ಅಜ್ಜಾರ?"

"ನಮ್ಮ ಮನಿಯಾಕಿಗೆ."

"ಹೆಸರ ಹೇಳ್ರಿ. ಯಾರಂತ ತಿಳೀಬೇಕಲ್ರಿ ನನಗ." ಅವಳಿಗೆ ತಿಳಿದಿತ್ತು. ಪರೀಕ್ಷಕರ ದನಿ ನಾನು ಬಲ್ಲೆ.

ಅವರು ಕಿಟಕಿಯ ಕಡೆ ನೋಡಿದರು. ಬೆವರಿದ್ದರು. "ರಾಜೇಶ್ವರಿ," ಎಂದರು.

ನಾಲ್ಕು ಅಕ್ಷರ, ಒಂದು ಒತ್ತು. ಎಲ್ಲವೂ ಸ್ವಸ್ಥಾನದಲ್ಲಿದ್ದವು.

"ಕುಕ್ಕರ್ ಇಟ್ಟಾಳ, ಗ್ಯಾಸ ಹಚ್ಚಿಲ್ಲ. ನನ್ನ ಮುಂದ ಗೊಂಬಿಗತೆ ಬಂದು ಕುಂತಾಳ. ಬಾಯಿ ಮುಚ್ಚೇತ್ರಿ. ಲಕ್ವಾನ ಅದು. ನನಗ... ನನಗ ಗೊತ್ತೈತಿ."

ಕುಳಿತಲ್ಲಿಂದಲೇ ಕತ್ತು ಚಾಚಿ ನೋಡಿದೆ. ಒಲೆಯಲ್ಲಿ ಉರಿ ಇರಲಿಲ್ಲ. ನಾನೇ ಹಚ್ಚಿರಲಿಲ್ಲ. ಆ ಕುಕ್ಕರ್ ಪ್ರಳಯಕಾಲದವರೆಗೂ ಸೀಟಿ ಹೊಡೆಯುವಂತಿರಲಿಲ್ಲ. ನಾನೋ, ಮಾತು ಕೊಟ್ಟವಳು.

"ಗಾಬರಿ ಆಗಬ್ಯಾಡ್ರಿ," ಎಂದಳು ಶಿವಾನಿ. "ಮೇಡಂ ಮೊದಲ ಹೆಂಗ ಮಾತಾಡತಿದ್ರು, ಅದನ್ನ ಹೇಳ್ರಿ. ನಾ ರೆಕಾರ್ಡ್ ಮಾಡಕೋತೇನಿ."

"ಮೊದಲಾ?" ಎಂದು ನಿಜಗುಣಪ್ಪನವರು ಉಸಿರೆಳೆದುಕೊಂಡರು. "ಮೊದಲ ಬಾಯಿ ನಿಲ್ತಿದ್ದಿಲ್ರಿ. 'ನೀ ಸುಮ್ಮನ ಕೂಡು' ಅನ್ನಾಕ ಹೋದ್ರ, ನೀರ ಕುಡಸತಿದ್ಲು. ದಿನಾ ನೀರು. ಹೊಟ್ಟಿ... ಹೊಟ್ಟಿ..."

ಪದ ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿದೆ.

"...ಕೊಡಾ ಆಗೇತ್ರಿ," ಎಂದು ಅವರೇ ಹುಡುಕಿ ತಂದರು.

"ನಾಳೆ ಮೇಡಂ ಅವರನ್ನ ಕರಕೊಂಡ ಬರ್ರಿ. ಅವರಿಗೂ ಚಿತ್ರಾ ತೋರಸೂಣು."

"ಕರಕೊಂಡ ಬರತೇನ್ರಿ. ಆದ್ರ ಪೂರಾ ಕೇಳ್ರಿ ಇನ್ನೂ," ಎಂದು ನಿಜಗುಣಪ್ಪನವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ನಮ್ಮ ಲಗ್ನದ ದಿನದಿಂದ ಶುರುಮಾಡಿದರು.

ನಾನು ಎದ್ದು ಗ್ಯಾಸ್ ಹಚ್ಚಬಹುದಾಗಿತ್ತು. ಹಚ್ಚಲಿಲ್ಲ.