ತೆಗೆಯುವ ಫಂಕ್ಷನ್ನಿನ ನಾಮಕರಣ

ಕುಬಿಹಾಳದ ನಮ್ಮ ಮೆಣಸಿನಕಾಯಿ ಬೆಳೆಗಾರರ ಸಂಘದಲ್ಲಿ ಹೆಸರಿಲ್ಲದ ವಸ್ತು ಯಾವುದೂ ಇಲ್ಲ. ಫ್ಯಾನಿನ ರೆಕ್ಕೆ, ಬೆಂಚಿನ ಬೆನ್ನು, ನೀರಿನ ಟಾಕಿ ಎಲ್ಲದರ ಮೇಲೂ ದಾನಿಗಳಿದ್ದಾರೆ. ತೂಕದ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶ ಮಾತ್ರ ಪುಕ್ಕಟೆ ಬಂದದ್ದರಿಂದ ಅನಾಥವಾಗಿತ್ತು. ಈ ಲೋಪ ನಿವಾರಣೆಗಾಗಿ ಆಡಳಿತ ಮಂಡಳಿ ಠರಾವು ಮಾಡಿತು: ಅದರೊಳಗಿನ ಪ್ರೋಗ್ರಾಮ್ ಪ್ಯಾಕೇಜುಗಳನ್ನು ಹಾಕುವ, ಹುಡುಕುವ, ತೆಗೆಯುವ ಪ್ರತಿ ಆಜ್ಞೆಗೂ, ಅಂದರೆ ಫಂಕ್ಷನ್ನಿಗೂ, ಒಬ್ಬ ನಿರ್ದೇಶಕರ ಹೆಸರಿಡತಕ್ಕದ್ದು; ಹೆಸರಿಲ್ಲದ ಫಂಕ್ಷನ್ ನಡೆಸತಕ್ಕದ್ದಲ್ಲ.

ಕಾರ್ಯದರ್ಶಿಯಾಗಿ ಅದನ್ನು ಬರೆದವನು ನಾನೇ. ಅಗದಿ ಚಲೋ ಬಂದಿತ್ತು.

ಹೊಸ ಪ್ಯಾಕೇಜ್ ಹಾಕುವ ಫಂಕ್ಷನ್ನಿಗೆ ಅಧ್ಯಕ್ಷ ಕರಿಸಿದ್ದಪ್ಪನವರ ಹೆಸರು ಬಂತು. ಮಾನಿಟರಿಗೆ ಹಾರ ಹಾಕಿ ಪೇಢೆ ಹಂಚಿದೆವು. ಹುಡುಕುವುದು ಉಪಾಧ್ಯಕ್ಷ ಮೈಲಾರಿಯವರಿಗೆ ಹೋಯಿತು. ತೆಗೆಯುವುದರ ಸರದಿ ಬಂದಾಗ ಸಭೆಗೆಲ್ಲ ಒಮ್ಮೆಲೇ ಕೆಮ್ಮು ಹತ್ತಿತು.

"ನನ್ನ ಹೆಸರ ಬಾಜು 'ತೆಗಿ' ಅಂತ ಬರೀತೀರೇನ್ರಿ? ಎಲೆಕ್ಷನ್ ಹತ್ರ ಬಂದೈತಿ," ಎಂದರು ನಿರ್ದೇಶಕ ಹುಲಿಗೆಪ್ಪ. ಹೀಗಾಗಿ ಆ ಫಂಕ್ಷನ್ ಹಾಗೇ ಉಳಿಯಿತು.

ಮರುವಾರ ದುರ್ಗವ್ವ ಮೆಣಸಿನಕಾಯಿ ತಂದಳು. ಮನೆಯಲ್ಲಿ ತೂಗಿದ್ದಕ್ಕಿಂತ ನಮ್ಮ ಯಂತ್ರದಲ್ಲಿ ಚೀಲಕ್ಕೆ ಐದು ಕಿಲೊ ಕಡಿಮೆ.

"ತೂಕದ ಪ್ಯಾಕೇಜ್ ಕೆಟ್ಟೈತ್ರಿ," ಎಂದಳು ಆಪರೇಟರ್ ಸುಧಾರಾಣಿ. "ಅದನ್ನ ತೆಗೆದು ಬ್ಯಾರೇದು ಹಾಕಿದ್ರ ಮುಗೀತು. ಆದ್ರ ತೆಗೆಯೋ ಫಂಕ್ಷನ್ನಿಗೆ ಹೆಸರಿಲ್ರಿ."

"ನಂದ ಇಡ್ರಿ. ವರ್ಷದ ಬೆಳಿ ಐತಿ ಇದು. ನಾ ಏನ್ ಎಲೆಕ್ಷನ್ನಿಗೆ ನಿಂತಿಲ್ಲ," ಎಂದಳು ದುರ್ಗವ್ವ.

"ನೀವು ಬರೇ ಸದಸ್ಯರು," ಎಂದೆ. ಠರಾವು ಠರಾವೇ.

ತುರ್ತು ಸಭೆ ಕರೆದೆವು. ತೀರ್ಮಾನ ಹೀಗಿದೆ: "ಸದರಿ ಫಂಕ್ಷನ್ನಿಗೆ, ಹಾಲಿ ನಿರ್ದೇಶಕರಲ್ಲಿ ಮೊದಲು ದೈವಾಧೀನರಾಗುವವರ ಹೆಸರನ್ನು ಸ್ಮರಣಾರ್ಥ ಇಡತಕ್ಕದ್ದು. ಅಲ್ಲಿಯವರೆಗೆ ಕೆಟ್ಟ ಪ್ಯಾಕೇಜೇ ತೂಗತಕ್ಕದ್ದು." ಪ್ರತಿಯೊಬ್ಬರೂ ಪಕ್ಕದವರ ಮುಖ ನೋಡುತ್ತ ಕೈ ಎತ್ತಿದರು.

ದುರ್ಗವ್ವ ಠರಾವನ್ನು ಮತ್ತೊಮ್ಮೆ ಓದಿಸಿ ಕೇಳಿಕೊಂಡು, ಚೀಲಗಳನ್ನು ಮನೆಗೆ ಒಯ್ದಳು.

ಈಗ ದಿನಾ ಮುಂಜಾನೆ ಬರುತ್ತಾಳೆ. "ಅಧ್ಯಕ್ಷರು ಆರಾಮ ಅದಾರೇನ್ರಿ? ಬಿಪಿ ಹೆಂಗೈತಿ?" ಅವಳ ಹಿಂದೆ ಉಳಿದ ಬೆಳೆಗಾರರೂ ಅದನ್ನೇ ಕೇಳುತ್ತಾರೆ. ಕರಿಸಿದ್ದಪ್ಪನವರ ಕಣ್ಣು ತುಂಬಿ ಬಂದವು. "ಜನ ಇಷ್ಟು ಜೀವ ಇಟ್ಟಾರಂತ ನನಗ ಗೊತ್ತ ಇರ್ಲಿಲ್ಲ ನೋಡ್ರಿ," ಎಂದರು.

ನಿನ್ನೆ ಊಟವಾದ ಮೇಲೆ ಅವರಿಗೆ ಕೊಂಚ ಎದೆ ಉರಿಯಿತು. ಸಂಜೆಯೊಳಗೆ ಸಂಘದ ಮುಂದೆ ಚೀಲಗಳ ಸಾಲು ರಸ್ತೆಯವರೆಗೆ ಬೆಳೆದಿತ್ತು. ಗದ್ದಲವಾಗಬಾರದೆಂದು ನಾನೇ ನಂಬರು ಚೀಟಿ ಹಂಚಿದೆ. ಮೊದಲ ನಂಬರು ದುರ್ಗವ್ವನದು.