ಗಾಢ ನೀಲಿ ಕೋಟಿನ ಬಂಧನದ ಬಗ್ಗೆ ಠಾಣಾಧಿಕಾರಿಗಳಿಗೆ ಲಾಂಡ್ರಿಯವನ ಅಹವಾಲು

ಮಾನ್ಯ ಠಾಣಾಧಿಕಾರಿಗಳೇ,

ತಮ್ಮ ಠಾಣೆಯ ಗೋಡೆಗೆ ತಾಗಿಸಿ ಹಾಕಿರುವ, ಒಂದು ಕಾಲು ಕುಂಟುವ ಬೆಂಚಿನ ಮೇಲೆ ಬರಿಯ ಬನಿಯನ್ನಿನಲ್ಲಿ ಕುಳಿತು, ತಮ್ಮ ಪೇದೆಯವರು ದೊಡ್ಡ ಮನಸ್ಸು ಮಾಡಿ ಕೊಟ್ಟ ಕಾಗದದಲ್ಲಿ ಬರೆಯುತ್ತಿರುವ ಈ ಲಾಂಡ್ರಿಯವನ ವಂದನೆಗಳನ್ನು ತಾವು ಸ್ವೀಕರಿಸಬೇಕು. ಸಂಜೆಯ ಸನ್ಮಾನ ಸಮಾರಂಭಕ್ಕೆ ಭಾಷಣ ಸಿದ್ಧಪಡಿಸುತ್ತಾ ತಾವು ಒಳಕೋಣೆಯಲ್ಲಿದ್ದೀರೆಂದೂ, ಯಾರನ್ನೂ ಒಳಗೆ ಬಿಡಬಾರದೆಂದು ಅಪ್ಪಣೆಯಾಗಿದೆಯೆಂದೂ ತಿಳಿಯಿತು. ಹೀಗಾಗಿ ನಮ್ಮಿಬ್ಬರ ನಡುವೆ ಇರುವುದು ಒಂದು ಬಾಗಿಲೇ ಆದರೂ ಪತ್ರದ ಮೂಲಕ ಮಾತಾಡಬೇಕಾಗಿದೆ. ನಾಲ್ಕು ಜನರಿಗೆ ಉಪಯೋಗವಾಗಲಿ ಎಂದು ಇದನ್ನು ಬಹಿರಂಗ ಪತ್ರವನ್ನಾಗಿ ಮಾಡಿದ್ದೇನೆ. ಇದರ ಇನ್ನೊಂದು ಪ್ರತಿಯನ್ನು, ನನಗೆ ಊಟ ತಂದಿರುವ ನನ್ನ ಹೆಂಡತಿ, ವರ್ತಕರ ಸಂಘದ ಫಲಕಕ್ಕೆ ಅಂಟಿಸಲಿದ್ದಾಳೆ.

ಹೋದ ತಿಂಗಳು ಅದೇ ಸಂಘದ ಸಭೆಯಲ್ಲಿ, ಸಾಮಾನ್ಯ ಮನುಷ್ಯ ಇನ್ನೊಬ್ಬನನ್ನು ಬಂಧಿಸಬಹುದೇ ಎಂಬ ವಿಷಯದ ಮೇಲೆ ತಾವು ಮಾಡಿದ ಭಾಷಣವನ್ನು ನಾನು ಮೊದಲ ಸಾಲಿನಲ್ಲಿ ಕುಳಿತು ಕೇಳಿದ್ದೆ. ಖಂಡಿತ ಬಂಧಿಸಬಹುದು, ಕಾನೂನಿನಲ್ಲೇ ಅವಕಾಶವಿದೆ, ಗಂಭೀರವಾದ ಅಪರಾಧ ಕಣ್ಣೆದುರೇ ನಡೆದಿರಬೇಕು, ಹೊಡೆಯಬಾರದು, ಹಿಡಿದವನನ್ನು ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು ಎಂದು ತಾವು ಎಷ್ಟು ಸೊಗಸಾಗಿ ವಿವರಿಸಿದಿರೆಂದರೆ, ಪಕ್ಕದಲ್ಲಿದ್ದ ಬೇಕರಿಯವರು ನಿದ್ದೆಗಣ್ಣಿನಲ್ಲೇ ಚಪ್ಪಾಳೆ ತಟ್ಟಿದರು. ಇಡೀ ಸಭೆಯಲ್ಲಿ ಪೂರ್ತಿ ಎಚ್ಚರವಾಗಿದ್ದವನು ನಾನೊಬ್ಬನೇ ಎಂದು ಈಗ ಅನ್ನಿಸುತ್ತಿದೆ. ಒಪ್ಪಿಸಲು ಹೋದರೆ ಪೊಲೀಸರು ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಲು ಮಾತ್ರ ನನಗೆ ಹೊಳೆಯಲಿಲ್ಲ.

ನನ್ನ ಕಸುಬಿನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಅಪ್ಪನ ಕಾಲದಿಂದಲೂ ನಮ್ಮ ಲಾಂಡ್ರಿಯಲ್ಲಿ ಯಾರದ್ದೇ ಒಂದು ಕರವಸ್ತ್ರವೂ ಕಳೆದುಹೋಗಿಲ್ಲ. ನನ್ನ ಆಸ್ತಿಪಾಸ್ತಿ ಎಂದರೆ ಅದೊಂದು ಮಾತೇ. ಇನ್ನೊಂದು, ಬಟ್ಟೆ ಯಾರದ್ದು, ಅದರ ಮೇಲಿನ ಕಲೆ ಯಾವುದರದ್ದು ಎಂಬುದನ್ನು ನಾವು ಮೂರನೆಯವರ ಮುಂದೆ ಬಾಯಿಬಿಡುವುದಿಲ್ಲ. ಇದು ಅಪ್ಪ ಹಾಕಿಕೊಟ್ಟ ರಿವಾಜು. ಈ ಊರಿನ ಅರ್ಧ ಸಂಸಾರಗಳು ನೆಟ್ಟಗಿರುವುದು ಈ ರಿವಾಜಿನಿಂದಲೇ ಎಂದು ನನ್ನ ಹೆಂಡತಿ ಹೇಳುವುದುಂಟು.

ಇವತ್ತು ಬೆಳಿಗ್ಗೆ ನಾನು ಇಸ್ತ್ರಿ ಪೆಟ್ಟಿಗೆಯ ಕಾವಿಗೆ ಅಂಗಿ ಕಳಚಿಟ್ಟು ಕೆಲಸ ಮಾಡುತ್ತಿದ್ದಾಗ, ಮಹನೀಯರೊಬ್ಬರು ಕೌಂಟರಿನ ಆಚೆಯಿಂದ ಕೈಚಾಚಿ, ಹ್ಯಾಂಗರಿನಲ್ಲಿದ್ದ ಗಾಢ ನೀಲಿ ಬಣ್ಣದ ಕೋಟನ್ನು ತೆಗೆದು ತೊಟ್ಟುಕೊಂಡು, ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಿಕೊಂಡು, ಆರಾಮವಾಗಿ ಹೊರಟರು. ಇವತ್ತೇ ಗಿರಾಕಿಯ ಕೈ ಸೇರಬೇಕಾಗಿದ್ದ ಕೋಟು ಅದು. ಬೀದಿಗೆ ಓಡಿ, ತಾವು ಹೇಳಿಕೊಟ್ಟಂತೆಯೇ ಅವರ ಭುಜ ಮುಟ್ಟಿ, ನಾಗರಿಕನ ನೆಲೆಯಲ್ಲಿ ತಮ್ಮನ್ನು ಬಂಧಿಸಿದ್ದೇನೆ ಎಂದು ವಿನಯದಿಂದ ತಿಳಿಸಿದೆ. ಅವರು ನನ್ನ ಬನಿಯನ್ನನ್ನು ನೋಡಿದರು, ಸೇರತೊಡಗಿದ್ದ ಜನರನ್ನು ನೋಡಿದರು, ಏನೂ ತಕರಾರು ಮಾಡದೆ ನನ್ನ ಜೊತೆ ಹಿಂದಿರುಗಿ ಗಿರಾಕಿಗಳ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತರು.

ಕೂಡಲೇ ಠಾಣೆಗೆ ಫೋನು ಮಾಡಿದೆ. ಜೀಪು ಸಮಾರಂಭದ ಕುರ್ಚಿಗಳನ್ನು ತರಲು ಹೋಗಿದೆ, ಬರುವವರೆಗೂ ಹಿಡಿದುಕೊಂಡಿರಿ ಎಂದು ತಮ್ಮ ದಫೇದಾರರು ಅಪ್ಪಣೆ ಕೊಟ್ಟರು. ಬಾಗಿಲು ಹಾಕಲೇ ಎಂದು ಕೇಳಿದೆ. ಹಾಕಿದರೆ ಅಕ್ರಮವಾಗಿ ಕೂಡಿಹಾಕಿದ ಕೇಸು ನಿಮ್ಮ ಮೇಲೇ ಬೀಳುತ್ತದೆ ಎಂದರು. ಕೈ ಕಟ್ಟಲೇ ಎಂದೆ. ಅದು ಇನ್ನೂ ದೊಡ್ಡ ಕೇಸು ಎಂದರು. ಕೋಟನ್ನಾದರೂ ಬಿಚ್ಚಿಸಿಕೊಳ್ಳಲೇ ಎಂದರೆ, ಅದು ಸಾಕ್ಷ್ಯ, ಮುಟ್ಟಬೇಡಿ ಎಂದರು. ಹಾಗಾದರೆ ಅವರು ಎದ್ದು ಹೋದರೆ ಗತಿಯೇನು ಎಂದದ್ದಕ್ಕೆ, ಕಳ್ಳನನ್ನು ಬಿಟ್ಟ ಹೊಣೆಯೂ ನಿಮ್ಮದೇ ಎಂದು ಫೋನಿಟ್ಟರು. ಒಟ್ಟಿನಲ್ಲಿ ಬಾಗಿಲು ತೆರೆದಿತ್ತು, ಬಂಧಿತರ ಕೈಕಾಲು ಸ್ವತಂತ್ರವಾಗಿದ್ದವು, ಕೋಟು ಅವರ ಮೈಮೇಲೇ ಇತ್ತು, ಅಂಗಡಿ ಬಿಟ್ಟು ಅಲ್ಲಾಡದಂತೆ ಆದವನು ನಾನು.

ಒಳಗಿನಿಂದ ಬಂದ ನನ್ನ ಹೆಂಡತಿ ಇದನ್ನೆಲ್ಲ ನೋಡಿ, “ಹಿಡಿಯೋಕೆ ಮುಂಚೆ ಇಡೋಕೆ ಜಾಗ ಇದೆಯಾ ಅಂತ ನೋಡ್ಬೇಕಿತ್ತು” ಎಂದಳು. ಆದರೂ ಬಂದವರನ್ನು ಹಾಗೇ ಕೂರಿಸಬಾರದೆಂದು ಅವರಿಗೆ ಹೊಸ ಕಪ್ಪಿನಲ್ಲಿ ಚಹಾ ಕೊಟ್ಟಳು. ನನಗೆ ಎಂದಿನ ಲೋಟದಲ್ಲಿ. ಅಷ್ಟರಲ್ಲಿ ಬಂದ ಗಿರಾಕಿಯೊಬ್ಬರು ಕೋಟಿನವರನ್ನೇ ಮಾಲೀಕರೆಂದು ತಿಳಿದು, ನನ್ನ ಇಸ್ತ್ರಿ ಇತ್ತೀಚೆಗೆ ಸರಿಯಾಗಿಲ್ಲವೆಂದು ಅವರಲ್ಲಿ ದೂರಿದರು. ವಿಚಾರಿಸುತ್ತೇನೆ, ಇನ್ನು ಮುಂದೆ ಹೀಗಾಗದು ಎಂದು ಮಹನೀಯರು ಸಮಾಧಾನ ಹೇಳಿ ಕಳಿಸಿದರು. ನಿಜ ಹೇಳಬೇಕೆಂದರೆ ನಾನು ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಕಾದು ಕಾದು ಸಾಕಾಗಿ, ಕೊನೆಗೆ ಅವರೇ ಫೋನು ಕೇಳಿ ಪಡೆದು, ಬನಿಯನ್ನಿನಲ್ಲಿರುವ ಯಾರೋ ಒಬ್ಬ ತಮ್ಮನ್ನು ಅಂಗಡಿಯಲ್ಲಿ ತಡೆದು ಕೂರಿಸಿದ್ದಾನೆಂದು ಠಾಣೆಗೆ ದೂರು ಕೊಟ್ಟರು. ತಮ್ಮ ಇಲಾಖೆಯ ಚುರುಕುತನವನ್ನು ಎಷ್ಟು ಕೊಂಡಾಡಿದರೂ ಸಾಲದು, ಅವರ ಎರಡನೆಯ ಕಪ್ ಚಹಾ ಆರುವ ಮೊದಲೇ ಜೀಪು ಬಾಗಿಲಿಗೆ ಬಂತು. ದಫೇದಾರರು ಇಳಿದರು. ಒಬ್ಬರು ಕೋಟಿನಲ್ಲಿದ್ದರು, ಇನ್ನೊಬ್ಬ ಬನಿಯನ್ನಿನಲ್ಲಿ, ಕೈಯಲ್ಲಿ ಕಾದ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದ. ಯಾರು ಯಾರೆಂದು ಅವರು ಕೇಳುವ ಗೋಜಿಗೇ ಹೋಗಲಿಲ್ಲ.

ಕೋಟು ನನ್ನ ಗಿರಾಕಿಯದು ಎಂದು ಹೇಳಿದೆ. ಯಾವ ಗಿರಾಕಿ ಎಂದರು. ಅರ್ಧ ಬೀದಿ ನಿಂತು ನೋಡುತ್ತಿತ್ತು, ರಿವಾಜು ನೆನಪಾಗಿ ಬಾಯಿ ಮುಚ್ಚಿಕೊಂಡೆ. ನನ್ನ ಹೆಂಡತಿ ಪ್ರತಿ ಕೋಟಿನ ಕಾಲರಿನ ಒಳಗೆ ಗಿರಾಕಿಯ ಹೆಸರನ್ನು ದಾರದಲ್ಲಿ ಹೊಲಿದಿರುತ್ತಾಳೆ ಎಂಬುದು ದಫೇದಾರರಿಗೂ ಗೊತ್ತು. ಹಾಗಾದರೆ ಕಾಲರ್ ತಿರುಗಿಸಿ ನೋಡಿಬಿಡೋಣ ಎಂದು ಅವರು ಕೈಹಾಕಿದಾಗ, ಬೇಡವೇ ಬೇಡ ಎಂದು ಅಡ್ಡ ನಿಂತವನು ನಾನೇ. ಕಳ್ಳತನ ಸಾಬೀತಾಗಲು ಅಷ್ಟು ಸಾಕಾಯಿತು, ಆದದ್ದು ನನ್ನ ಮೇಲೆ. “ಪಾಪ, ಹೊಡೀಬೇಡಿ. ಯಾಕೋ ತಲೆ ಸರಿ ಇದ್ದಂತಿಲ್ಲ” ಎಂದು ಆ ಮಹನೀಯರು ನನ್ನ ಪರವಾಗಿ ನಾಲ್ಕು ಮಾತು ಆಡಿದ್ದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯುತ್ತೇನೆ. ದಾರಿಯಲ್ಲಿ ಅವರನ್ನು ಬಸ್ ನಿಲ್ದಾಣಕ್ಕೆ ಬಿಟ್ಟೆವು. ಅವರು ಮುಂದಿನ ಸೀಟಿನಲ್ಲಿದ್ದರು, ನಾನು ಹಿಂದೆ, ತಮ್ಮ ಸಮಾರಂಭದ ಕುರ್ಚಿಗಳ ಸಂದಿಯಲ್ಲಿ. ಇಳಿದಾಗ ದಫೇದಾರರು ಅವರಿಗೆ ಸಲ್ಯೂಟ್ ಹೊಡೆದರು.

ಮಾನ್ಯರೇ, ಬೆಂಚಿನ ಬಗ್ಗೆ ನನಗೆ ಬೇಸರವಿಲ್ಲ. ನನಗಿರುವ ಸಂಕಟ ಒಂದೇ, ನಂಬಿ ಕೊಟ್ಟ ಬಟ್ಟೆ ನನ್ನ ಕಾಲದಲ್ಲಿ ಕಳೆದುಹೋಯಿತು. ಅಪ್ಪ ಇದ್ದಿದ್ದರೆ ನನ್ನ ಮುಖ ನೋಡುತ್ತಿರಲಿಲ್ಲ. ಬೇರೆ ಯಾರಿಗೂ ಈ ಗತಿ ಬರಬಾರದೆಂದು ಕೆಲವು ಬಿನ್ನಹಗಳಿವೆ. ಜೀಪು ಬಿಡುವಾಗಿರುವ ಹೊತ್ತನ್ನು ಕಳ್ಳರಿಗೆ ಮೊದಲೇ ತಿಳಿಸಿ, ಆ ಹೊತ್ತಿನಲ್ಲಷ್ಟೇ ಕದಿಯುವಂತೆ ಅವರ ಮನವೊಲಿಸಬೇಕು. ನಾಗರಿಕರು ಹಿಡಿದಾಗ ಹೇಗೆ ಕುಳಿತಿರಬೇಕೆಂದು ಅವರಿಗೂ ಒಂದು ಭಾಷಣ ಏರ್ಪಡಿಸಬೇಕು; ಮೊದಲ ಸಾಲನ್ನು ನಾನು ಬಿಟ್ಟುಕೊಡುತ್ತೇನೆ. ಬಂಧಿಸಹೊರಡುವ ಪ್ರತಿಯೊಬ್ಬ ನಾಗರಿಕನಿಗೂ ಇಲಾಖೆಯಿಂದಲೇ ಒಂದು ಕೋಟು ಕೊಡಿಸಬೇಕು. ಕಾನೂನು ಕೊಟ್ಟ ಅಧಿಕಾರ ಬನಿಯನ್ನಿನ ಮೇಲೆ ನಿಲ್ಲುವುದಿಲ್ಲವೆಂದು ಇವತ್ತು ಚೆನ್ನಾಗಿ ಅರ್ಥವಾಯಿತು.

ಇಂದಿಗೂ ತಮ್ಮ ಭಾಷಣವನ್ನು ನಂಬಿಕೊಂಡು ಕುಳಿತಿರುವ,
ತಮ್ಮ ವಿಶ್ವಾಸಿ,
ಲಾಂಡ್ರಿಯವನು

ತಾ.ಕ.: “ಲಾಂಡ್ರಿಯಿಂದ ನನ್ನ ಕೋಟು ಇನ್ನೂ ಯಾಕೆ ಬಂದಿಲ್ಲ, ಯಾರನ್ನಾದರೂ ಕಳಿಸಿ” ಎಂದು ತಾವು ಒಳಗಿನಿಂದ ಗದರುತ್ತಿರುವುದು ಈಗ ಬೆಂಚಿನವರೆಗೂ ಕೇಳಿಸುತ್ತಿದೆ. ಯಾರನ್ನೂ ಕಳಿಸುವುದು ಬೇಡ. ಲಾಂಡ್ರಿಯವನು ಇಲ್ಲೇ ಇದ್ದಾನೆ. ಕೋಟನ್ನು ತಮ್ಮ ದಫೇದಾರರು ತಮ್ಮದೇ ಜೀಪಿನಲ್ಲಿ ಕರೆದೊಯ್ದು ಬಸ್ಸು ಹತ್ತಿಸಿ ಬಂದಿದ್ದಾರೆ. ಮನೆಯವರಿಗೂ ತಿಳಿಯಬಾರದೆಂದು ತಾವು ಪಿಸುಗುಟ್ಟಿ ತೋರಿಸಿದ್ದ ಆ ಕಲೆ ಪೂರ್ತಿ ಹೋಗಿತ್ತು. ಅದು ಯಾವುದರ ಕಲೆ ಎಂದು ನಾನು ಇಡೀ ಬೀದಿಯ ಮುಂದೆಯೂ ಹೇಳಿಲ್ಲ, ದಫೇದಾರರಿಗೂ ಹೇಳಿಲ್ಲ. ರಿವಾಜಿಗೆ ಭಂಗ ಬರಬಾರದೆಂದು, ಈ ತಾಜಾ ಕಲಮನ್ನು ತಮ್ಮ ಪ್ರತಿಯಲ್ಲಿ ಮಾತ್ರ ಬರೆದಿದ್ದೇನೆ. ಫಲಕದ ಪ್ರತಿಯಲ್ಲಿ ಇದಕ್ಕಾಗಿ ಕೆಳಗೆ ಸ್ವಲ್ಪ ಜಾಗ ಬಿಟ್ಟಿದ್ದೇನೆ, ನನ್ನ ಹೆಂಡತಿ ಗೋಂದು ಹಿಡಿದುಕೊಂಡು ಗೇಟಿನ ಬಳಿ ನಿಂತಿದ್ದಾಳೆ.