ಸೂಜಿರಾಯರ ನಾರ್ಮಲ್ ರೇಂಜು

"ಮೂವತ್ತು ವರ್ಷದಲ್ಲಿ ನಾನು ಓದೋಕಾಗದ ರಿಪೋರ್ಟು ಇನ್ನೂ ಪ್ರಿಂಟಾಗಿಲ್ಲ" ಎಂದು ಘೋಷಿಸಿ ಸೂಜಿರಾಯರು ಮಗಳ ಕೈಯಿಂದ ಹಾಳೆಯನ್ನು ಕಸಿದುಕೊಂಡರು. ಅದು ಕಾಲೇಜು ಪ್ರವೇಶ ಪರೀಕ್ಷೆಯ ಅಂಕಪಟ್ಟಿ, ಸೋಮವಾರ ಬೆಳಿಗ್ಗೆಯಷ್ಟೇ ಬಂದದ್ದು. ರಾಯರು ಕನ್ನಡಕ ಏರಿಸಿದರು, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ಮಗುಚಿ ಹಿಂಬದಿಯನ್ನೂ ನೋಡಿದರು. ಆಮೇಲೆ ಬಹಳ ಗಂಭೀರವಾಗಿ ಕೇಳಿದರು, "ಇದರಲ್ಲಿ ನಾರ್ಮಲ್ ರೇಂಜು ಎಲ್ಲಿ?"

ರಾಯರು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಹಿರಿಯ ಟೆಕ್ನಿಷಿಯನ್. ಅವರ ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅವರಿಂದ ಚುಚ್ಚಿಸಿಕೊಂಡ ಮಕ್ಕಳು ಇಟ್ಟ 'ಸೂಜಿರಾಯರು' ಎಂಬ ಬಿರುದೇ ಇಡೀ ಬೀದಿಗೆ ಗಟ್ಟಿಯಾಗಿತ್ತು. ಅವರ ಲೋಕದಲ್ಲಿ ಯಾವ ಅಂಕಿಯೂ ಒಂಟಿಯಾಗಿ ಓಡಾಡುವುದಿಲ್ಲ. ಸಕ್ಕರೆ ಇರಲಿ, ಕೊಬ್ಬಿರಲಿ, ಪ್ರತಿಯೊಂದರ ಪಕ್ಕದಲ್ಲೂ ಇಷ್ಟರಿಂದ ಇಷ್ಟರವರೆಗೆ ಇದ್ದರೆ ಕ್ಷೇಮ ಎಂದು ಅಚ್ಚಾಗಿರಬೇಕು. ಒಳಗಿದ್ದರೆ ಕಪ್ಪು ಶಾಯಿ, ಹೊರಗಿದ್ದರೆ ಕೆಂಪು. ಮೂವತ್ತು ವರ್ಷ ಹೀಗೆ ನೆಮ್ಮದಿಯಾಗಿ ಕಳೆದಿತ್ತು.

ಮಗಳ ಹಾಳೆಯಲ್ಲೋ, ಅಂಕ ಇನ್ನೂರಕ್ಕೆ ನೂರಾ ಹನ್ನೊಂದು, ಪರ್ಸೆಂಟೈಲ್ ತೊಂಬತ್ತೇಳು, ರ‍್ಯಾಂಕು ಎರಡು ಸಾವಿರದ ಮುನ್ನೂರ ಹದಿನೆಂಟು. ಒಬ್ಬಳೇ ಹುಡುಗಿ, ಮೂರು ಅಂಕಿ! ಮೊದಲನೆಯದು ಅರ್ಧಕ್ಕಿಂತ ಚೂರು ಮೇಲೆ, ಎರಡನೆಯದು ನೂರರ ನೆರೆಮನೆ, ಮೂರನೆಯದನ್ನು ನೋಡಿದರೆ ರೋಗಿಯನ್ನು ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಲ್ಯಾಬಿನ ಮೂರು ಯಂತ್ರಗಳು ಹೀಗೆ ಮೂರು ಬಗೆ ಹೇಳಿದ್ದರೆ ರಾಯರು ಮೂರನ್ನೂ ನಿಲ್ಲಿಸಿ ಮೆಕ್ಯಾನಿಕ್ಕಿಗೆ ಫೋನು ಮಾಡುತ್ತಿದ್ದರು.

ಪರೀಕ್ಷೆ ಬರೆದ ಪ್ರತಿ ನೂರು ಜನರಲ್ಲಿ ತೊಂಬತ್ತೇಳು ಜನ ತನ್ನ ಹಿಂದಿದ್ದಾರೆ ಎಂದು ಮಗಳು ಬಿಡಿಸಿ ಹೇಳಿದಳು. ಪ್ರಶ್ನೆಪತ್ರಿಕೆ ಈ ಸಲ ಕಬ್ಬಿಣದ ಕಡಲೆಯಾಗಿತ್ತು ಎಂದೂ ಹೇಳಿದಳು. ಅವಳಿಗೆ ಬೇಕಾದದ್ದು ಪಶುವೈದ್ಯಕೀಯ. ಆರನೇ ವಯಸ್ಸಿನಲ್ಲಿ ಬೀದಿನಾಯಿಯ ಕಾಲಿಗೆ ಅಪ್ಪನ ಕರ್ಚೀಫು ಕಟ್ಟಿದಂದಿನಿಂದ ಅವಳದು ಒಂದೇ ಹಟ, ಎತ್ತಿನ ಒದೆ ತಿಂದರೂ ಸರಿ, ದನದ ಡಾಕ್ಟರೇ ಆಗಬೇಕು. ಯಾವ ಕಾಲೇಜು, ಯಾವ ಕೋರ್ಸು ಎಂಬ ಆಯ್ಕೆಗಳನ್ನು ಶನಿವಾರ ಸಂಜೆ ಐದರೊಳಗೆ ಕಂಪ್ಯೂಟರಿನಲ್ಲಿ ತುಂಬಬೇಕಿತ್ತು. ತುಂಬಿ ಮುಗಿಸಲು ಒಂದು ಓಟಿಪಿ ಬೇಕು. ಆ ಓಟಿಪಿ ಬರುವುದು ರಾಯರ ಫೋನಿಗೆ, ಏಕೆಂದರೆ ಅರ್ಜಿ ಹಾಕುವಾಗ ಬೇರೆ ಯಾರ ಫೋನಿನ ಮೇಲೂ ಅವರಿಗೆ ಭರವಸೆ ಇರಲಿಲ್ಲ.

ರಾಯರ ಹೆಂಡತಿಗೆ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೆಲಸ. ಆಕೆ ತಲೆ ಬಾಚಿಕೊಳ್ಳುತ್ತಲೇ ವಿಷಯವನ್ನು ಮುಗಿಸಿದರು. "ಸೀಟು ಸಿಗತ್ತಾ ಅಂತ ಕೇಳಿದ್ರೆ ನಾನು ಅವರ ಎತ್ತರ ಅಳೀತೀನಾ? ಮುಂದೆ ಎಷ್ಟು ಜನ ನಿಂತಿದಾರೆ, ಒಳಗೆ ಎಷ್ಟು ಸೀಟಿದೆ, ಅಷ್ಟೇ. ರ‍್ಯಾಂಕು ಅಂದ್ರೆ ಕ್ಯೂ ಕಣ್ರೀ."

ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಸುಳ್ಳಾಗಬಾರದಲ್ಲ! ಇದು ಕೌಂಟರಿನ ಬುದ್ಧಿ, ವಿಜ್ಞಾನವಲ್ಲ ಎಂದು ರಾಯರು ತೀರ್ಪು ಕೊಟ್ಟರು. ನಾರ್ಮಲ್ ರೇಂಜು ಆಕಾಶದಿಂದ ಉದುರುವುದಿಲ್ಲ. ಆರೋಗ್ಯವಂತರ ಸ್ಯಾಂಪಲ್ ತೆಗೆದು, ಅಳೆದು, ಪಟ್ಟಿ ಮಾಡಿಯೇ ಅದು ಹುಟ್ಟುವುದು. ಪರೀಕ್ಷಾ ಮಂಡಳಿಯವರು ಸೋಮಾರಿಗಳಾದರೆ ತಾವು ಇಲ್ಲವೇ? ಇದೇ ಕಟ್ಟಡದಲ್ಲಿ ಪರೀಕ್ಷೆ ಬರೆದ ಮಕ್ಕಳು ಇನ್ನೂ ಐವರಿದ್ದಾರೆ. ಶನಿವಾರದೊಳಗೆ ಐವರ ಸ್ಯಾಂಪಲ್ಲೂ ತೆಗೆದು ದೇಶಕ್ಕೊಂದು ನಾರ್ಮಲ್ ರೇಂಜು ಕೊಟ್ಟೇ ತೀರುವುದೆಂದು ಅವರು ಅಂದೇ ನೋಟುಬುಕ್ಕಿಗೆ ಗೆರೆ ಎಳೆದರು.

ಮಂಗಳವಾರ ಸಂಜೆ ಮೊದಲ ಬಾಗಿಲು ಕೆಳಗಿನ ಮನೆಯ ಪೋಸ್ಟ್ ಮಾಸ್ತರರದು. ರಾಯರು ಬಂದ ಉದ್ದೇಶ ವಿವರಿಸಿದರು, ಹೆಸರನ್ನು ಗುಟ್ಟಾಗಿ ಇಡುವುದಾಗಿ ಮಾತು ಕೊಟ್ಟರು, ಪೆನ್ನಿನ ಮುಚ್ಚಳ ತೆಗೆದರು. ಪೋಸ್ಟ್ ಮಾಸ್ತರರು ಮೀಸೆ ಸವರಿಕೊಂಡರು.

"ಮೊದಲು ನಿಮ್ಮ ಮಗಳದ್ದು ಎಷ್ಟು, ಹೇಳಿ."

ರಾಯರು ಬಾಯಿ ತೆರೆದದ್ದು ನೂರಾ ಹನ್ನೊಂದು ಎನ್ನಲಿಕ್ಕೇ. ಹೊರಗೆ ಬಂದದ್ದು ಮಾತ್ರ ನೂರಾ ಮೂವತ್ತೊಂದು! ಇದು ಹೇಗಾಯಿತೆಂದು ಅವರಿಗೇ ತಿಳಿಯಲಿಲ್ಲ. ಆ ಮೀಸೆಯ ಅಡಿಯಲ್ಲಿ ಒಂದು ಕಿರುನಗೆ ಸಿದ್ಧವಾಗುತ್ತಿದ್ದುದನ್ನು ಕಂಡು ನಾಲಿಗೆ ಯಜಮಾನನ ಅಪ್ಪಣೆ ಕೇಳದೆ ಇಪ್ಪತ್ತು ಮೆಟ್ಟಿಲು ಹತ್ತಿಬಿಟ್ಟಿತ್ತು. ಅಪ್ಪನಾದವನಿಗೆ ಅಷ್ಟೂ ಅಧಿಕಾರ ಇಲ್ಲವೇ ಎಂದು ರಾಯರು ತಮ್ಮನ್ನು ತಾವೇ ಕ್ಷಮಿಸಿಕೊಂಡರು. ಪೋಸ್ಟ್ ಮಾಸ್ತರರ ಕಿರುನಗೆ ಬತ್ತಿತು. ಅವರು ಗೋಡೆಯತ್ತ ನೋಡಿ ತಮ್ಮ ಮಗನಿಗೆ ನೂರಾ ಮೂವತ್ತೆಂಟು ಬಂದಿದೆಯೆಂದರು. ರಾಯರು ಬರೆದುಕೊಂಡರು.

ಎದುರು ಮನೆಯ ಹೊಲಿಗೆ ಟೀಚರು ಸೂಜಿಗೆ ದಾರ ಪೋಣಿಸುತ್ತಾ, ಉಳಿದವರಿಗೆಲ್ಲ ಹೇಗೆ ಬಂದಿದೆ ಎಂದು ಸುಮ್ಮನೆ ಕೇಳಿದಂತೆ ಕೇಳಿದರು. ಹೆಸರು ಹೇಳುವುದು ವೃತ್ತಿಧರ್ಮವಲ್ಲ ಎಂದು ರಾಯರು ಎದೆಯುಬ್ಬಿಸಿ ಹೇಳಿದರು. ಆದರೆ ಅಂಕಿಗೇನು ಹೆಸರೇ? ಈಗಷ್ಟೇ ಒಂದು ನೂರಾ ಮೂವತ್ತೆಂಟು ಬಂತು ಎಂದರು. ಟೀಚರ ಮಗಳಿಗೆ ಅಲ್ಲೇ, ದಾರ ಪೋಣಿಸಿ ಮುಗಿಯುವುದರೊಳಗೆ, ನೂರಾ ನಲವತ್ತೈದು ಬಂತು. ಅದನ್ನು ರಾಯರು ಮೂರನೇ ಮಹಡಿಯ ಹಲ್ಲಿನ ಡಾಕ್ಟರಿಗೆ ಮುಟ್ಟಿಸಿದರು. ಅಲ್ಲಿ ನೂರಾ ಐವತ್ತೆರಡಾಯಿತು. ಮೇಲಿನ ಮಹಡಿಯ ಎರಡು ಮನೆಗಳಲ್ಲಿ ನೂರಾ ಐವತ್ತೆಂಟು, ನೂರಾ ಅರವತ್ತನಾಲ್ಕು. ಇನ್ನೆರಡು ಮಹಡಿ ಇದ್ದಿದ್ದರೆ ಇನ್ನೂರು ದಾಟುತ್ತಿತ್ತೋ ಏನೋ!

ಬೆಳಿಗ್ಗೆ ಹೊಟ್ಟೆತುಂಬಾ ತಿಂದು ಬಂದು 'ಖಾಲಿ ಹೊಟ್ಟೆ ಸಾರ್' ಎನ್ನುವ ರೋಗಿಯನ್ನು ಮುಖ ನೋಡಿಯೇ ಹಿಡಿಯುವ ಮನುಷ್ಯ ಇವರು. ಆದರೂ ಒಂದೊಂದು ಮಹಡಿ ಏರಿದಂತೆ ಅಂಕವೂ ಏಕೆ ಏರುತ್ತಿದೆ ಎಂಬ ಅನುಮಾನ ಅವರಿಗೆ ಬರಲಿಲ್ಲ. ಗುರುವಾರ ಪಟ್ಟಿ ಸಿದ್ಧವಾಯಿತು. ನಾರ್ಮಲ್ ರೇಂಜು, ನೂರಾ ಮೂವತ್ತೆಂಟರಿಂದ ನೂರಾ ಅರವತ್ತನಾಲ್ಕು. ಕೆಳಗೆ ಮಗಳ ನಿಜವಾದ ನೂರಾ ಹನ್ನೊಂದನ್ನು ಬರೆಯಲು ಕೆಂಪು ಪೆನ್ನು ಎತ್ತಿಕೊಂಡವರು ಅದರ ಮುಚ್ಚಳವನ್ನು ಎರಡು ಸಲ ತೆಗೆದು ಹಾಕಿದರು. ಎಷ್ಟೋ ಮನೆಗಳಿಗೆ ಕೆಟ್ಟ ರಿಪೋರ್ಟು ಬರೆದ ಕೈ ಅದು. ತಮ್ಮ ಮನೆಯ ಮಗುವಿಗೆ ಬರೆಯುವಾಗ ಮಾತ್ರ ಸಂಕಟವಾಯಿತು.

ಸಂಕಟವಾದರೇನು, ನಿರ್ಧಾರ ನಿರ್ಧಾರವೇ. ಊಟದ ಹೊತ್ತಿಗೆ ತೀರ್ಪು ಹೊರಬಿತ್ತು. ಈ ವರ್ಷ ಆಯ್ಕೆ ತುಂಬುವುದು ಬೇಡ, ಒಂದು ವರ್ಷ ಮನೆಯಲ್ಲಿ ಕೂತು ಓದಿ ನಾರ್ಮಲ್ಲಿಗೆ ಬಂದಮೇಲೆ ಮುಂದಿನ ಮಾತು, ಓಟಿಪಿ ಕೊಡುವುದಿಲ್ಲ. ಹೋದ ವರ್ಷ ಪಶುವೈದ್ಯಕೀಯದ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಗಿತ್ತು ನೋಡಪ್ಪ ಎಂದು ಮಗಳು ಗೋಗರೆದಳು. ರಾಯರು ಪಟ್ಟಿಯನ್ನು ಮುಂದಿಟ್ಟರು. ಅವಳು ತಟ್ಟೆಯನ್ನು ಹಾಗೇ ಬಿಟ್ಟು ಎದ್ದುಹೋದಳು. ಹೆಂಡತಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ಸ್ಯಾಂಪಲ್ ತಗೊಳ್ಳೋದು ತೋಳಿಂದ. ನೀವು ತಂದಿರೋದು ಬಾಯಿಂದ" ಎಂದಷ್ಟೇ ಹೇಳಿ ಪಾತ್ರೆ ಎತ್ತಿದರು.

ರಾಯರು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇಷ್ಟು ದೊಡ್ಡ ಸಂಶೋಧನೆಯನ್ನು ಒಂದೇ ಮನೆಗೆ ಕಟ್ಟಿಹಾಕುವುದು ಸ್ವಾರ್ಥವಲ್ಲವೇ? ಹೆಸರುಗಳನ್ನೂ ಮಗಳ ಕೆಂಪು ಸಾಲನ್ನೂ ತೆಗೆದು, ದಪ್ಪಕ್ಷರದಲ್ಲಿ ನಾರ್ಮಲ್ ರೇಂಜನ್ನು ಬರೆದು, ಲಿಫ್ಟಿನ ಪಕ್ಕದ ನೋಟೀಸ್ ಬೋರ್ಡಿಗೆ ಅಂಟಿಸಿಬಿಟ್ಟರು. ಶುಕ್ರವಾರ ಬೆಳಗಾಗುವಷ್ಟರಲ್ಲಿ ಇಡೀ ಕಟ್ಟಡಕ್ಕೆ ಜ್ವರ. ಪಕ್ಕದ ಮನೆಯವರ ಮಕ್ಕಳೆಲ್ಲ ಅಷ್ಟು ತೆಗೆದಿರುವಾಗ ನಿನಗೇನಾಗಿತ್ತು ಧಾಡಿ ಎಂದು ಪೋಸ್ಟ್ ಮಾಸ್ತರರು ಮಗನ ಮೊಬೈಲು ಕಸಿದು ಬೀರುವಿನಲ್ಲಿಟ್ಟರು. ಟೀಚರ ಮಗಳು ಅತ್ತೂ ಅತ್ತೂ ಮುಖ ಊದಿಸಿಕೊಂಡಳು. ಹಲ್ಲಿನ ಡಾಕ್ಟರು ಸಿಟ್ಟಿನಲ್ಲಿ ಯಾರದೋ ಒಳ್ಳೆಯ ಹಲ್ಲಿಗೇ ಕೈ ಹಾಕಿದ್ದರಂತೆ. ಐದೂ ಮನೆಗಳಲ್ಲಿ ಒಂದೇ ತೀರ್ಪು, ಓಟಿಪಿ ಇಲ್ಲ, ಇನ್ನೊಂದು ವರ್ಷ ಓದು.

ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಮಗಳು ಬಂದು ಅಪ್ಪನನ್ನು ಕೆಳಗೆ ಕರೆದಳು. ನೋಟೀಸ್ ಬೋರ್ಡಿನ ಮುಂದೆ ಆರೂ ಮನೆಯ ದೊಡ್ಡವರು ನಿಂತಿದ್ದರು. ಮಕ್ಕಳು ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಪಕ್ಕದ ಸ್ಟೂಲಿನ ಮೇಲೆ ಆ ಮಕ್ಕಳೇ ಸೇರಿ ತಂದಿಟ್ಟ ಆರು ಲಕೋಟೆ. ಮೇಲೆ ಹೆಸರಿಲ್ಲ, ಲ್ಯಾಬಿನ ಪದ್ಧತಿಯಂತೆ ಬರೀ ನಂಬರು.

"ಮೊದಲನೇ ಸ್ಯಾಂಪಲ್ ಕೆಟ್ಟಿದ್ರೆ ನೀನು ಏನು ಮಾಡ್ತೀಯಪ್ಪ?" ಎಂದು ಮಗಳು ಕೇಳಿದಳು.

"ರಿಪೀಟ್ ಮಾಡ್ತೀನಿ."

"ಮಾಡು."

ರಾಯರು ಒಂದೊಂದೇ ಲಕೋಟೆ ಬಿಡಿಸಿದರು. ಒಳಗೆ ಪರೀಕ್ಷಾ ಮಂಡಳಿಯ ಅಸಲಿ ಅಂಕಪಟ್ಟಿ, ಹೆಸರಿನ ಮೇಲೆ ಮಾತ್ರ ಕಾಗದದ ಪಟ್ಟಿ. ಎಪ್ಪತ್ತನಾಲ್ಕು. ಎಂಬತ್ತೊಂದು. ಎಂಬತ್ತೆಂಟು. ತೊಂಬತ್ತಾರು. ನೂರಾ ಎರಡು. ಕೊನೆಯದು ನೂರಾ ಹನ್ನೊಂದು. ಅವರು ಇನ್ನೊಮ್ಮೆ ಎಣಿಸಿದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದ್ದರು ಮಹಾರಾಯರು! ಇಡೀ ಕಟ್ಟಡದಲ್ಲಿ ಎಲ್ಲರಿಗಿಂತ ಮೇಲಿದ್ದವಳು ತಮ್ಮ ಮಗಳೇ. ಸಂತೋಷಕ್ಕೆ ಕುಣಿಯಬೇಕೆನ್ನಿಸಿತು. ಆದರೆ ಆ ನೂರಾ ಅರವತ್ತನಾಲ್ಕು ಎಲ್ಲಿ ಹೋಯಿತು?

ಮೇಲಿನ ಮಹಡಿಯವರು ಡಾಕ್ಟರ ಕಡೆ ನೋಡಿದರು. ಡಾಕ್ಟರು ತಾವು ನೂರಾ ಐವತ್ತೆರಡು ಅಂದದ್ದು ಯಾರಿಗೋ ನೂರಾ ನಲವತ್ತೈದು ಬಂದದ್ದರಿಂದ ಎಂದರು. ಟೀಚರು ನೂರಾ ನಲವತ್ತೈದು ಅಂದದ್ದು ಯಾರಿಗೋ ನೂರಾ ಮೂವತ್ತೆಂಟು ಬಂದದ್ದರಿಂದ. ಎಲ್ಲರೂ ಪೋಸ್ಟ್ ಮಾಸ್ತರರತ್ತ ತಿರುಗಿದರು. ಅವರು ಮೀಸೆ ಸವರದೆ, ತಲೆ ತಗ್ಗಿಸಿ ಹೇಳಿದರು, "ಇವರ ಮಗಳಿಗೆ ನೂರಾ ಮೂವತ್ತೊಂದು ಅಂದ್ರು. ನಮ್ಮ ಹುಡುಗಂದು ತೊಂಬತ್ತಾರು ಅನ್ನೋಕೆ ಬಾಯಿ ಬರಲಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಅವಕಾಶವೂ ರಾಯರಿಗೆ ಸಿಗಲಿಲ್ಲ. ಎಲ್ಲರ ಬೆರಳೂ ಆಗಲೇ ಅವರ ಹೆಗಲ ಮೇಲಿತ್ತು. ಹೆಂಡತಿ ಹತ್ತಿರ ಬಂದು ಮೆಲ್ಲಗೆ ವಿಚಾರಿಸಿದರು, "ನೂರಾ ಮೂವತ್ತೊಂದು ತಗೊಂಡ ಮಗಳು ನಮ್ಮನೇಲಿ ಯಾರ್ರೀ?"

ರಾಯರು ಇಂಗು ತಿಂದ ಮಂಗನಂತಾದರು. ನಂಜು ತಗುಲಿದ ಸೂಜಿಯನ್ನು ಮನೆಯಿಂದ ಮನೆಗೆ ತಾವೇ ಹೊತ್ತು, ಆರು ಮಕ್ಕಳ ಕಣ್ಣಲ್ಲಿ ನೀರು ಹಾಕಿಸಿ, ಅದಕ್ಕೆ ನಾರ್ಮಲ್ ಎಂದು ಹೆಸರಿಟ್ಟಿದ್ದರು! ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಬೋರ್ಡಿನಿಂದ ಹಾಳೆಯನ್ನು ಕಿತ್ತು ಮಡಿಸಿ ಜೇಬಿಗೆ ತುರುಕಿಕೊಂಡು, ಮಗಳ ಮುಖ ನೋಡದೆ ಕೇಳಿದರು, "ಹೋದ ವರ್ಷ ಕೊನೇ ಸೀಟು ಎಷ್ಟನೇ ರ‍್ಯಾಂಕಿಗೆ ಹೋಗಿತ್ತು?"

"ಮೂರು ಸಾವಿರದ ನೂರು. ಗುರುವಾರಾನೇ ನೋಡು ಅಂದೆ."

"ನಿಂದು ಎರಡು ಸಾವಿರ ಚಿಲ್ಲರೆ. ಅಂದ್ರೆ..."

"ಕ್ಯೂನಲ್ಲಿ ಮುಂದೇನೇ ಇದಾಳೆ. ಬಾಗಿಲು ಮುಚ್ಚೋಕೆ ಮುಂಚೆ ಬನ್ನಿ" ಎಂದರು ಹೆಂಡತಿ. ಎಪ್ಪತ್ತನಾಲ್ಕು ಬಂದವನಿಗೂ ಅವನದೇ ಒಂದು ಸಾಲು ಇರುತ್ತದೆ, ಯಾವ ಕೋರ್ಸಿಗೆ ಎಷ್ಟು ಉದ್ದ ಎಂದು ನೋಡಿ ನಿಲ್ಲಬೇಕು ಎಂದು ಅವರು ಉಳಿದವರಿಗೂ ಕೌಂಟರಿನ ದನಿಯಲ್ಲೇ ತಿಳಿಸಿದರು. ಗಂಟೆ ನಾಲ್ಕೂ ನಲವತ್ತು. ಅಪ್ಪಂದಿರು, ಅಮ್ಮಂದಿರು ಲಿಫ್ಟಿಗೂ ಕಾಯದೆ ಫೋನು ಹುಡುಕಲು ಮೆಟ್ಟಿಲೇರಿ ಓಡಿದರು. ಪೋಸ್ಟ್ ಮಾಸ್ತರರ ಬೀರುವಿನ ಬೀಗದಕೈ ಸಿಕ್ಕಿದ್ದು ನಾಲ್ಕೂ ಐವತ್ತಕ್ಕಂತೆ.

ಮಗಳು ಆಯ್ಕೆಗಳನ್ನು ತುಂಬಿ, ಪಶುವೈದ್ಯಕೀಯವನ್ನು ಎಲ್ಲಕ್ಕಿಂತ ಮೇಲಿಟ್ಟು, ಬೆರಳನ್ನು ಕೀಲಿಮಣೆಯ ಮೇಲೆ ಹಿಡಿದು ಕೂತಳು. ಇನ್ನು ಆರು ನಿಮಿಷ. ರಾಯರ ಫೋನು ಟಿಣ್ ಎಂದಿತು. ಅವರು ಕನ್ನಡಕ ಸರಿಪಡಿಸಿಕೊಂಡರು, ಗಂಟಲು ಸರಿಮಾಡಿಕೊಂಡರು, ದೇಶದ ಭವಿಷ್ಯವನ್ನೇ ಓದುವವರಂತೆ ಫೋನನ್ನು ಎತ್ತಿ ಹಿಡಿದು ಬಾಯಿ ತೆರೆದರು.

ಮಗಳು ಪರದೆಯಿಂದ ಕಣ್ಣು ಕೀಳದೆ ಹೇಳಿದಳು, "ಅಪ್ಪಾ, ಅಲ್ಲಿ ಎಷ್ಟಿದೆಯೋ ಅಷ್ಟೇ ಓದು. ಇಪ್ಪತ್ತು ಸೇರಿಸಬೇಡ."